ಲಿನಕ್ಸ್ ಗಣಕದ ದುರಸ್ತಿ ಜ್ಞಾನ: ಒಂದು ಜಾನಪದೀಯ ವಿವೇಚನೆ

ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಬಡಗಿತನ ಮೊದಲಾದ ಕಸುಬುಗಳನ್ನು ಕುರಿತ ಅಧ್ಯಯನಗಳು ಕನ್ನಡದಲ್ಲಿ ಗಣನೀಯ ಪ್ರಮಾಣದಲ್ಲಿ ನಡೆದಿವೆ. ಈ ಅಧ್ಯಯನಗಳು ಕಸುಬಿನ ಉಪಕರಣಗಳನ್ನು, ಪರಿಭಾಷೆಯನ್ನು, ನಂಬಿಕೆಗಳನ್ನು ದಾಖಲಿಸಿವೆ. ಆದರೆ ಕಸುಬು ಕೈಕೊಟ್ಟಾಗ, ಎಂದರೆ ಆವಿಗೆಯಲ್ಲಿ ಮಡಕೆ ಸೀಳಿದಾಗ, ಮಗ್ಗದ ನೂಲು ಪದೇ ಪದೇ ಕಡಿದಾಗ, ಕಸುಬುದಾರನು ದೋಷವನ್ನು ಪತ್ತೆಹಚ್ಚುವ ಕ್ರಮ ಯಾವುದು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ. ಕಸುಬಿನ ಜ್ಞಾನವು ತನ್ನ ನಿಜರೂಪವನ್ನು ತೋರುವುದು ಇಂತಹ ಸಂದರ್ಭಗಳಲ್ಲಿಯೇ. ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಆಧುನಿಕವಾದ ಒಂದು ಕಸುಬಿಗೆ ಅನ್ವಯಿಸುತ್ತದೆ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯುಳ್ಳ ಗಣಕವು ಆರಂಭವಾಗದೆ ನಿಂತಾಗ, ಅಥವಾ ಅದರಲ್ಲಿ ತಂತ್ರಾಂಶವೊಂದನ್ನು ಮೂಲ ಸಂಕೇತದಿಂದ ಕಟ್ಟುವ ಕೆಲಸ ವಿಫಲವಾದಾಗ, ಅದನ್ನು ಬಲ್ಲವರು ಅನುಸರಿಸುವ ವಿಧಾನವನ್ನು ವಿವರಿಸುವುದು ಇದರ ಉದ್ದೇಶ.

ಅಲನ್ ಡಂಡೆಸ್ 1965ರಲ್ಲಿ ಸಂಪಾದಿಸಿದ ಜಾನಪದ ಅಧ್ಯಯನ ಸಂಪುಟದಲ್ಲಿ, ಯಾವುದಾದರೂ ಒಂದು ಸಮಾನ ಅಂಶವನ್ನು ಹಂಚಿಕೊಂಡ ಜನರ ಯಾವುದೇ ಸಮೂಹವೂ ‘ಜನಪದ’ವೇ ಎಂದು ಪ್ರತಿಪಾದಿಸಿದನು. ಆ ಅರ್ಥದಲ್ಲಿ ಗಣಕ ನಿರ್ವಾಹಕರೂ ಒಂದು ಜನಪದ ಗುಂಪು. ಅವರಿಗೆ ತಮ್ಮದೇ ಆದ ಪರಿಭಾಷೆ, ಕಥೆ, ಗಾದೆ, ನೆನಪಿನ ಸೂತ್ರ ಮತ್ತು ಕೀಟಲೆಗಳಿವೆ. ಈ ಗುಂಪಿನ ಪದಗಳನ್ನು 1975ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಾಫೆಲ್ ಫಿಂಕೆಲ್ ಸಂಗ್ರಹಿಸತೊಡಗಿದನು. ‘ಜಾರ್ಗನ್ ಫೈಲ್’ ಎಂದು ಹೆಸರಾದ ಆ ಸಂಗ್ರಹವನ್ನು ಜಾನಪದ ಕೋಶವೆಂದೇ ಪರಿಗಣಿಸಬಹುದು.

ಈ ವಿಷಯವು ಗ್ರಂಥಾಲಯಗಳಿಗೂ ಸಂಶೋಧಕರಿಗೂ ನೇರವಾಗಿ ಸಂಬಂಧಿಸಿದುದಾಗಿದೆ. ನ್ಯೂಜಿಲೆಂಡಿನಲ್ಲಿ ರೂಪುಗೊಂಡು 2000ದಿಂದ ಬಳಕೆಗೆ ಬಂದ ‘ಕೋಹಾ’ ಗ್ರಂಥಾಲಯ ತಂತ್ರಾಂಶವು ಸಾಮಾನ್ಯವಾಗಿ ಲಿನಕ್ಸ್ ಗಣಕದಲ್ಲಿಯೇ ನಡೆಯುತ್ತದೆ. 2002ರಲ್ಲಿ ಬಿಡುಗಡೆಯಾದ ‘ಡಿಸ್ಪೇಸ್’ ಎಂಬ ಡಿಜಿಟಲ್ ಸಂಗ್ರಹ ತಂತ್ರಾಂಶದ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಹಾರ್ಡ್ ಡಿಸ್ಕಿನಲ್ಲಿ ಸಂಗ್ರಹಿಸಿಟ್ಟ ಗಣಕವೊಂದು ಬೆಳಗ್ಗೆ ಏಳದಿದ್ದರೆ ಯಂತ್ರದ ಜೊತೆಗೆ ಆ ಹಾಡುಗಳೂ ಅಪಾಯಕ್ಕೆ ಸಿಲುಕುತ್ತವೆ. ಹಾಡಿದ ಕಲಾವಿದರು ಇಂದು ಇಲ್ಲದಿರುವಾಗ ಆ ಮುದ್ರಣಕ್ಕೆ ಬದಲಿ ಇರುವುದಿಲ್ಲ. ಅನೇಕ ಸಂದರ್ಭಗಳಲ್ಲಿ ದತ್ತಾಂಶವು ನಾಶವಾಗುವುದು ಮೂಲ ದೋಷದಿಂದಲ್ಲ, ಅವಸರದ ದುರಸ್ತಿಯಿಂದ.

1. ಆರಂಭದ ಕ್ರಮ ಮತ್ತು ಪ್ರಾಪನ ಕ್ರಿಯಾಘಟಕಗಳು

ಗಣಕದ ಆರಂಭಕ್ಕೆ ಬಳಸುವ ‘ಬೂಟ್’ ಎಂಬ ಪದದ ಹಿನ್ನೆಲೆಯಲ್ಲಿಯೇ ಜಾನಪದವಿದೆ. ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದು ಎಂಬ ನುಡಿಗಟ್ಟು 19ನೆಯ ಶತಮಾನದ ಅಮೆರಿಕದಲ್ಲಿ ಅಸಾಧ್ಯ ಕಾರ್ಯವನ್ನು ಸೂಚಿಸುತ್ತಿತ್ತು. ಜರ್ಮನಿಯ ಬ್ಯಾರನ್ ಮುಂಖೌಸೆನ್ ಕಥೆಗಳಲ್ಲಿ ನಾಯಕನು ತನ್ನ ಜುಟ್ಟನ್ನೇ ಹಿಡಿದೆಳೆದುಕೊಂಡು ಕೆಸರಿನಿಂದ ಹೊರಬರುವ ಆಶಯವೂ ಇದಕ್ಕೆ ಸಮಾನವಾದುದು. ಗಣಕದ ಸಮಸ್ಯೆಯೂ ಅಂಥದೇ. ತಂತ್ರಾಂಶವನ್ನು ಸ್ಮೃತಿಗೆ ತರಲು ತಂತ್ರಾಂಶವೇ ಬೇಕು. ಆದರೆ ವಿದ್ಯುತ್ ಹರಿದ ಕ್ಷಣದಲ್ಲಿ ಸ್ಮೃತಿ ಬರಿದಾಗಿರುತ್ತದೆ. ಆದ್ದರಿಂದ ಚಿಕ್ಕ ತಂತ್ರಾಂಶವು ದೊಡ್ಡದನ್ನು, ಅದು ಮತ್ತೂ ದೊಡ್ಡದನ್ನು ಕರೆಯುವ ಏರ್ಪಾಡು ಇದೆ.

ವ್ಲಾದಿಮೀರ್ ಪ್ರಾಪ್ 1928ರಲ್ಲಿ ರಷ್ಯದ ಅದ್ಭುತ ಕಥೆಗಳನ್ನು ವಿಶ್ಲೇಷಿಸಿ 31 ಕ್ರಿಯಾಘಟಕಗಳನ್ನು ಗುರುತಿಸಿದನು. ಎಲ್ಲ ಘಟಕಗಳೂ ಎಲ್ಲ ಕಥೆಗಳಲ್ಲಿ ಇರಬೇಕಾಗಿಲ್ಲ, ಆದರೆ ಅವು ಬರುವ ಕ್ರಮ ಬದಲಾಗುವುದಿಲ್ಲ ಎಂಬುದು ಅವನ ಮುಖ್ಯ ನಿಲುವು. ಲಿನಕ್ಸ್ ಗಣಕದ ಆರಂಭವನ್ನು ಇದೇ ರೀತಿಯಲ್ಲಿ ಆರು ಘಟಕಗಳಾಗಿ ವಿಂಗಡಿಸಬಹುದು. ಮೊದಲನೆಯದಾಗಿ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಎಚ್ಚರಗೊಂಡು ಯಂತ್ರಭಾಗಗಳನ್ನು ಪರೀಕ್ಷಿಸುತ್ತದೆ. ಎರಡನೆಯದಾಗಿ ಅದು ಡಿಸ್ಕಿನಲ್ಲಿರುವ ಬೂಟ್ ಲೋಡರನ್ನು ಕರೆಯುತ್ತದೆ. ಮೂರನೆಯದಾಗಿ ಬೂಟ್ ಲೋಡರ್ ಕರ್ನೆಲನ್ನು ಸ್ಮೃತಿಗೆ ತರುತ್ತದೆ. ನಾಲ್ಕನೆಯದಾಗಿ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ತಾತ್ಕಾಲಿಕ ಕಡತ ವ್ಯವಸ್ಥೆಯು ಡಿಸ್ಕನ್ನು ಓದಲು ಬೇಕಾದ ಚಾಲಕ ತಂತ್ರಾಂಶಗಳನ್ನು ಒದಗಿಸುತ್ತದೆ. ಐದನೆಯದಾಗಿ ಮೂಲ ಪಾರ್ಟಿಷನ್ ತೆರೆದುಕೊಂಡು, 1 ಎಂಬ ಕ್ರಮಸಂಖ್ಯೆಯುಳ್ಳ ಮೊದಲ ಪ್ರಕ್ರಿಯೆ ಆರಂಭವಾಗುತ್ತದೆ. ಆರನೆಯದಾಗಿ ಆ ಪ್ರಕ್ರಿಯೆಯು ಜಾಲ, ದತ್ತಸಂಚಯ, ಪರದೆ ಮೊದಲಾದ ಸೇವೆಗಳನ್ನು ಎಬ್ಬಿಸುತ್ತದೆ.

ಈ ಕ್ರಮವು ತಿಳಿದಿದ್ದರೆ ರೋಗನಿದಾನದ ಮೊದಲ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಕಥೆ ಎಲ್ಲಿಯವರೆಗೆ ನಡೆಯಿತು? ಪರದೆಯ ಮೇಲೆ ಕಾಣಿಸಿದ ಕೊನೆಯ ಗುರುತಿನ ಹಿಂದಿನ ಘಟಕಗಳೆಲ್ಲ ಬಹುಮಟ್ಟಿಗೆ ಸರಿಯಾಗಿವೆ. ದೋಷವನ್ನು ಅದರ ಮುಂದಿನ ಘಟಕದಲ್ಲಿ ಹುಡುಕಬೇಕು. ಕರ್ನೆಲಿನ ಸಾಲುಗಳು ಹರಿದು ನಿಂತಿರುವಾಗ ಬೂಟ್ ಲೋಡರನ್ನು ಮತ್ತೆ ಸ್ಥಾಪಿಸುವುದು ಹೊಟ್ಟೆನೋವಿಗೆ ಹಣೆಗೆ ಪಟ್ಟು ಹಾಕಿದಂತೆ.

2. ಅಕ್ಷರಗಳ ಭಾಷೆ

ಈ ತತ್ತ್ವಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ‘ಲಿಲೋ’ ಎಂಬ ಹಳೆಯ ಬೂಟ್ ಲೋಡರ್. ವೆರ್ನರ್ ಆಲ್ಮೆಸ್‌ಬೆರ್ಗರ್ ರಚಿಸಿದ ಇದು 1990ರ ದಶಕದ ಲಿನಕ್ಸ್ ವಿತರಣೆಗಳಲ್ಲಿ ವ್ಯಾಪಕ ಬಳಕೆಯಲ್ಲಿತ್ತು. ಇದು ತನ್ನ ಹೆಸರಿನ ನಾಲ್ಕು ರೋಮನ್ ಅಕ್ಷರಗಳನ್ನು ಒಮ್ಮೆಗೇ ಮುದ್ರಿಸದೆ, ಕೆಲಸ ಮುಂದುವರಿದಂತೆ ಒಂದೊಂದಾಗಿ ಮುದ್ರಿಸುತ್ತಿತ್ತು. ಯಾವ ಅಕ್ಷರವೂ ಬಾರದಿದ್ದರೆ ಲಿಲೋ ಸ್ಮೃತಿಗೇ ಬಂದಿಲ್ಲ. ‘ಎಲ್’ ಮಾತ್ರ ಬಂದು ಅದರ ಮುಂದೆ ಸಂಖ್ಯೆಗಳು ಕಾಣಿಸಿದರೆ ಮೊದಲ ಹಂತ ಬಂದಿದೆ, ಎರಡನೆಯ ಹಂತವನ್ನು ಡಿಸ್ಕಿನಿಂದ ಓದಲಾಗಿಲ್ಲ. ‘ಎಲ್-ಐ’ ಎಂದು ನಿಂತರೆ ಎರಡನೆಯ ಹಂತ ಬಂದರೂ ನಡೆಯಲಿಲ್ಲ. ‘ಎಲ್-ಐ-ಎಲ್’ ಎಂದು ನಿಂತರೆ ಅದು ನಡೆಯತೊಡಗಿದರೂ ಕರ್ನೆಲ್ ಎಲ್ಲಿದೆ ಎಂಬ ವಿವರಣಾ ಕೋಷ್ಟಕ ದೊರೆಯಲಿಲ್ಲ. ನಾಲ್ಕೂ ಅಕ್ಷರ ಬಂದರೆ ಲೋಡರಿನ ಎಲ್ಲ ಭಾಗಗಳೂ ಬಂದಂತೆ.

ಬಲ್ಲವನಿಗೆ ಎರಡು ಅಕ್ಷರ ಸಾಕು, ಅರಿಯದವನಿಗೆ ಅದೊಂದು ಒಗಟು. ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದರಿಂದ ಅರ್ಥ ಹೊರಡಿಸುವ ಈ ಬಗೆಯು ಒಗಟಿನ ರಚನೆಗೆ ಸಮೀಪವಾದುದು. ಲಿಲೋದ ಅಭಿವೃದ್ಧಿಯು 2015ರ ಕೊನೆಗೆ ನಿಂತುಹೋಯಿತು. ಅದರೊಂದಿಗೆ ಈ ಅಕ್ಷರವಿದ್ಯೆಯೂ ಹಳೆಯ ನಿರ್ವಾಹಕರ ನೆನಪಿಗೆ ಸರಿಯಿತು.

ಅದರ ಸ್ಥಾನಕ್ಕೆ ಬಂದ ‘ಗ್ರಬ್’ ಲೋಡರಿನ ಎರಡನೆಯ ಆವೃತ್ತಿಯು ತನ್ನ ಉಳಿದ ಭಾಗಗಳನ್ನು ಕಾಣದಾದಾಗ ‘ಗ್ರಬ್ ರೆಸ್ಕ್ಯೂ’ ಎಂಬ ಸೂಚನೆಯನ್ನು ತೋರಿ ನಿಲ್ಲುತ್ತದೆ. ಪಾರ್ಟಿಷನ್‌ಗಳನ್ನು ಅಳಿಸಿ ಮರುಹೊಂದಿಸಿದಾಗ, ಅಥವಾ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಪಕ್ಕದಲ್ಲಿ ಸ್ಥಾಪಿಸಿದಾಗ ಇದು ಸಾಮಾನ್ಯ. ಅಲ್ಲಿಯೇ ‘ಎಲ್‌ಎಸ್’ ಎಂಬ ಆದೇಶದಿಂದ ಪಾರ್ಟಿಷನ್‌ಗಳ ಪಟ್ಟಿಯನ್ನು ಪಡೆದು, ಗ್ರಬ್ಬಿನ ಕಡತಗಳು ಯಾವುದರಲ್ಲಿವೆ ಎಂದು ತಿಳಿಸಿ, ‘ನಾರ್ಮಲ್’ ಎಂಬ ಘಟಕವನ್ನು ಕರೆದರೆ ಪರಿಚಿತ ಪಟ್ಟಿ ಮರಳಿ ಬರುತ್ತದೆ. ಗಣಕವು ಎದ್ದ ಬಳಿಕ ಗ್ರಬ್ಬನ್ನು ಮತ್ತೆ ಸ್ಥಾಪಿಸಿದರೆ ಮಾತ್ರ ಈ ಪರಿಹಾರ ಶಾಶ್ವತವಾಗುತ್ತದೆ.

3. ನಡುವಿನ ತೊಡಕುಗಳು

ಕರ್ನೆಲ್ ಬಂದ ಬಳಿಕ ತೋರುವ ದೋಷಗಳಲ್ಲಿ ‘ಕರ್ನೆಲ್ ಪ್ಯಾನಿಕ್’ ಪ್ರಸಿದ್ಧವಾದುದು. ಮೂಲ ಕಡತ ವ್ಯವಸ್ಥೆಯನ್ನು ತೆರೆಯಲಾಗಲಿಲ್ಲ ಎಂಬ ಸಾಲು ಅದರೊಂದಿಗೆ ಬಂದರೆ ಹೆಚ್ಚಿನ ವೇಳೆ ಡಿಸ್ಕ್ ಕೆಟ್ಟಿರುವುದಿಲ್ಲ. ಇನಿಟ್‌ರಾಮ್‌ಎಫ್‌ಎಸ್ ಕಡತವು ಇಲ್ಲ ಅಥವಾ ಅಪೂರ್ಣವಾಗಿದೆ. ಬೂಟ್ ಪಾರ್ಟಿಷನ್ ಹಳೆಯ ಕರ್ನೆಲ್‌ಗಳಿಂದ ತುಂಬಿರುವಾಗ ಹೊಸ ಕರ್ನೆಲ್ ಬಂದರೆ ಆ ಕಡತಕ್ಕೆ ಜಾಗ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ. ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನೆಲನ್ನು ಆರಿಸಿದರೆ ಗಣಕ ಏಳುತ್ತದೆ. ಬೇಡದ ಕರ್ನೆಲ್‌ಗಳನ್ನು ತೆಗೆದು ಆ ಕಡತವನ್ನು ಮತ್ತೆ ತಯಾರಿಸಬಹುದು. ಹೊಸದು ಬಂದರೂ ಹಳೆಯ ಒಂದನ್ನಾದರೂ ಉಳಿಸಿಕೊಳ್ಳುವ ಪದ್ಧತಿಯ ಹಿಂದಿನ ಕಾರಣವಿದು. ಬಿತ್ತನೆಗೆಂದು ಹಳೆಯ ಬೀಜವನ್ನು ಕಾಪಿಡುವ ರೈತನ ವಿವೇಕ ಇದಕ್ಕಿಂತ ಬೇರೆಯಲ್ಲ.

ಮುಂದಿನ ಹಂತದ ದೋಷಕ್ಕೆ ಗ್ರಂಥಾಲಯಗಳ ಸಂದರ್ಭದಲ್ಲಿ ವಿಶೇಷ ಮಹತ್ತ್ವವಿದೆ. ಯಾವ ಪಾರ್ಟಿಷನ್ ಎಲ್ಲಿ ತೆರೆಯಬೇಕು ಎಂಬುದನ್ನು ‘ಎಫ್‌ಎಸ್‌ಟ್ಯಾಬ್’ ಎಂಬ ಕಡತ ಹೇಳುತ್ತದೆ. ಧ್ವನಿಮುದ್ರಣಗಳಿರುವ ಬಾಹ್ಯ ಡಿಸ್ಕನ್ನು ಅದರಲ್ಲಿ ನಮೂದಿಸಿ, ಒಂದು ದಿನ ಆ ಡಿಸ್ಕನ್ನು ಬೇರೆಡೆಗೆ ಒಯ್ದರೆ, ‘ಸಿಸ್ಟಮ್‌ಡಿ’ ಬಳಸುವ ಗಣಕವು ರೂಢಿಯಂತೆ 90 ಸೆಕೆಂಡು ಅದಕ್ಕಾಗಿ ಕಾದು, ಕೊನೆಗೆ ತುರ್ತುಸ್ಥಿತಿಯ ಪರದೆಗೆ ಇಳಿಯುತ್ತದೆ. ಗಣಕವೇ ಹಾಳಾಯಿತೆಂದು ತಿಳಿದು ಎಲ್ಲವನ್ನೂ ಅಳಿಸಿ ಮರುಸ್ಥಾಪಿಸುವುದು ಇಲ್ಲಿ ಸಂಭವಿಸಬಹುದಾದ ದುರಂತ. ಆಗಬೇಕಾದುದು ಒಂದು ಸಾಲಿನ ತಿದ್ದುಪಡಿ ಮಾತ್ರ: ಆ ಡಿಸ್ಕಿನ ಸಾಲಿಗೆ ‘ನೋಫೇಲ್’ ಎಂಬ ಪದವನ್ನು ಸೇರಿಸಿದರೆ, ಡಿಸ್ಕ್ ಇಲ್ಲದಿದ್ದರೂ ಗಣಕ ಏಳುತ್ತದೆ. ಡಿಸ್ಕನ್ನು ಸಾಧನದ ಹೆಸರಿನಿಂದ ಗುರುತಿಸುವ ಬದಲು ಅದರ ‘ಯುಯುಐಡಿ’ ಎಂಬ ಅನನ್ಯ ಸಂಖ್ಯೆಯಿಂದ ಗುರುತಿಸುವುದೂ ಕ್ಷೇಮ. ಸಾಧನದ ಹೆಸರು ಡಿಸ್ಕನ್ನು ಜೋಡಿಸಿದ ಕ್ರಮಕ್ಕೆ ತಕ್ಕಂತೆ ಬದಲಾಗಬಹುದು, ಆ ಸಂಖ್ಯೆ ಬದಲಾಗುವುದಿಲ್ಲ.

ಯಾವ ದೋಷವೇ ಆಗಲಿ, ಗಣಕವು ಒಳಗಿನಿಂದ ಏಳದಿದ್ದರೆ ಹೊರಗಿನಿಂದ ಎಬ್ಬಿಸುವ ದಾರಿಯಿದೆ. ಯುಎಸ್‌ಬಿ ಕಡ್ಡಿಯಲ್ಲಿರುವ ಲೈವ್ ಲಿನಕ್ಸಿನಿಂದ ಆರಂಭಿಸಿ, ಕೆಟ್ಟ ಗಣಕದ ಮೂಲ ಪಾರ್ಟಿಷನನ್ನು ತೆರೆದು, ‘ಸಿಎಚ್‌ರೂಟ್’ ಆದೇಶದ ಮೂಲಕ ಅದರೊಳಗೆ ಪ್ರವೇಶಿಸಿ ದುರಸ್ತಿ ನಡೆಸಬಹುದು. ಇಲ್ಲಿ ಪಾಲಿಸಬೇಕಾದ ಒಂದು ನಿಯಮವಿದೆ. ಡಿಸ್ಕ್ ಸ್ವತಃ ಸಾಯುತ್ತಿದೆ ಎಂಬ ಸಂದೇಹವಿದ್ದರೆ, ಎಂದರೆ ಓದುವಿಕೆಯ ದೋಷಗಳು ದಾಖಲಾಗುತ್ತಿದ್ದರೆ ಅಥವಾ ಅಸಹಜ ಸದ್ದು ಬರುತ್ತಿದ್ದರೆ, ಕಡತ ವ್ಯವಸ್ಥೆಯನ್ನು ತಿದ್ದುವ ‘ಎಫ್‌ಎಸ್‌ಸಿಕೆ’ ಆದೇಶವನ್ನು ಅದರ ಮೇಲೆ ನಡೆಸಬಾರದು. ಮೊದಲು ‘ಡಿಡಿರೆಸ್ಕ್ಯೂ’ ಸಾಧನದಿಂದ ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಂಡು, ತಿದ್ದುಪಡಿಯನ್ನು ಆ ಪ್ರತಿಯ ಮೇಲೆಯೇ ಮಾಡಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯ ಅರ್ಥ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

4. ಕಟ್ಟುವ ಕೆಲಸದ ದೋಷಗಳು

ಮೂಲ ಸಂಕೇತದಿಂದ ತಂತ್ರಾಂಶವನ್ನು ಕಟ್ಟುವ ಕೆಲಸಕ್ಕೆ ರೂಢಿಯಲ್ಲಿರುವ ಮೂರು ಹಂತಗಳು ‘ಕಾನ್ಫಿಗರ್’, ‘ಮೇಕ್’ ಮತ್ತು ‘ಮೇಕ್ ಇನ್‌ಸ್ಟಾಲ್’. ಮೊದಲನೆಯದು ಸಾಮಗ್ರಿಯನ್ನು ಪರಿಶೀಲಿಸುತ್ತದೆ, ಎರಡನೆಯದು ಕಟ್ಟುತ್ತದೆ, ಮೂರನೆಯದು ಕಟ್ಟಿದ್ದನ್ನು ಅದರ ಸ್ಥಾನದಲ್ಲಿ ಇರಿಸುತ್ತದೆ. ಕನ್ನಡದ ಮುದ್ರಿತ ಪುಟಗಳನ್ನು ಪಠ್ಯವಾಗಿ ಪರಿವರ್ತಿಸಲು ಬಳಸುವ ‘ಟೆಸರಾಕ್ಟ್’ ಅಕ್ಷರಜಾಣ ತಂತ್ರಾಂಶವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2005ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಗೊಂಡ ಇದಕ್ಕೆ ಕನ್ನಡದ ತರಬೇತಿ ಕಡತವೂ ಲಭ್ಯವಿದೆ.

ಇದರ ನಾಲ್ಕನೆಯ ಆವೃತ್ತಿಯನ್ನು ಕಟ್ಟಲು ಹೊರಟವರಿಗೆ ಮೊದಲ ಹಂತದಲ್ಲಿಯೇ, ‘ಲೆಪ್ಟೋನಿಕಾ’ ಎಂಬ ಚಿತ್ರಸಂಸ್ಕರಣ ಲೈಬ್ರರಿಯ 1.74 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು ಎಂಬ ಸೂಚನೆ ಎದುರಾಗಬಹುದು. ಲೆಪ್ಟೋನಿಕಾ ಗಣಕದಲ್ಲಿ ಇದ್ದರೂ ಇದು ಬರುವುದುಂಟು. ಡೆಬಿಯನ್ ಮತ್ತು ಉಬುಂಟು ಮಾದರಿಯ ವಿತರಣೆಗಳಲ್ಲಿ ಲೈಬ್ರರಿಯನ್ನು ಬಳಸಲು ಒಂದು ಪ್ಯಾಕೇಜು, ಅದರ ಆಧಾರದಿಂದ ಬೇರೆಯದನ್ನು ಕಟ್ಟಲು ‘ಡೆವ್’ ಎಂಬ ಅಂತ್ಯವುಳ್ಳ ಮತ್ತೊಂದು ಪ್ಯಾಕೇಜು ಇರುತ್ತದೆ. ಎರಡನೆಯದನ್ನು ಸ್ಥಾಪಿಸಿದರೆ ದೋಷ ನೀಗುತ್ತದೆ. ಕಟ್ಟುವ ಕೆಲಸ ಮುಗಿದ ಬಳಿಕ ಟೆಸರಾಕ್ಟ್ ತನ್ನ ಲೈಬ್ರರಿ ಕಡತ ಕಾಣಿಸುತ್ತಿಲ್ಲ ಎಂದರೆ ‘ಎಲ್‌ಡಿಕಾನ್ಫಿಗ್’ ಆದೇಶದಿಂದ ಲೈಬ್ರರಿಗಳ ಪಟ್ಟಿಯನ್ನು ನವೀಕರಿಸಬೇಕು. ಕನ್ನಡದ ತರಬೇತಿ ಕಡತ ದೊರೆಯುತ್ತಿಲ್ಲ ಎಂದರೆ ಅದನ್ನು ‘ಟೆಸ್‌ಡೇಟಾ’ ಕೋಶದಲ್ಲಿ ಇಟ್ಟು, ಆ ಕೋಶದ ದಾರಿಯನ್ನು ಪರಿಸರ ಚರದಲ್ಲಿ ನಮೂದಿಸಬೇಕು. ಈ ಮೂರು ದೋಷಗಳೂ ಕಡತವಿಲ್ಲ ಎಂಬ ಒಂದೇ ಮಾತನ್ನು ಆಡುತ್ತವೆ. ಆದರೆ ಹುಡುಕುವವನು ಬೇರೆ: ಮೊದಲಲ್ಲಿ ಪರಿಶೀಲಕ, ಎರಡರಲ್ಲಿ ವ್ಯವಸ್ಥೆಯ ಜೋಡಕ, ಮೂರರಲ್ಲಿ ತಂತ್ರಾಂಶ. ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ಹುಡುಕಿದರು ಎಂಬ ಸಂದರ್ಭ ತಿಳಿಯದೆ ಪಠ್ಯವನ್ನು ಅರ್ಥೈಸಲಾಗದು ಎಂಬ ಸಾಂದರ್ಭಿಕ ಅಧ್ಯಯನದ ಸೂತ್ರವು ಇಲ್ಲಿಯೂ ಸಲ್ಲುತ್ತದೆ.

ಕಂಪೈಲರ್ ನೂರಾರು ದೋಷಗಳನ್ನು ಪರದೆಯ ತುಂಬ ಸುರಿದಾಗ ಓದಬೇಕಾದುದು ಕೊನೆಯದನ್ನಲ್ಲ, ಮೊದಲನೆಯದನ್ನು. ಉಳಿದವುಗಳಲ್ಲಿ ಬಹುಪಾಲು ಅದರ ಸಂತಾನ. ‘ಮೇಕ್’ ಒಂದೇ ಬಾರಿಗೆ ಹಲವು ಕೆಲಸಗಳನ್ನು ನಡೆಸುತ್ತಿದ್ದರೆ ಸಾಲುಗಳು ಒಂದರೊಳಗೊಂದು ಬೆರೆಯುತ್ತವೆ. ಆಗ ಒಂದೊಂದೇ ಕೆಲಸವಾಗಿ ಮತ್ತೆ ನಡೆಸಿದರೆ ಮೊದಲ ದೋಷ ತಿಳಿಯುತ್ತದೆ. ಕಂಪೈಲರನ್ನು ‘ಕೊಲ್ಲಲಾಯಿತು’ ಎಂದಷ್ಟೇ ಬಂದರೆ ಸಾಮಾನ್ಯವಾಗಿ ಸ್ಮೃತಿ ಸಾಲದೆ ಕರ್ನೆಲೇ ಅದನ್ನು ನಿಲ್ಲಿಸಿದೆ. ಇದಕ್ಕೂ ಏಕಕಾಲದ ಕೆಲಸಗಳನ್ನು ಕಡಿಮೆ ಮಾಡುವುದೇ ಮೊದಲ ಉಪಾಯ.

‘ಸಿಗ್ನಲ್ 11’ ಎಂದು ಹೆಸರಾದ ತಿಳಿವಳಿಕೆಯೂ ಉಲ್ಲೇಖಾರ್ಹ. ಕರ್ನೆಲನ್ನು ಕಟ್ಟುವಾಗ ಕಂಪೈಲರ್ ಹಠಾತ್ತಾಗಿ ಈ ಸಂಕೇತದೊಂದಿಗೆ ಬಿದ್ದುಹೋದರೆ, ಏನನ್ನೂ ಬದಲಿಸದೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿ ನೋಡಬೇಕು. ಪ್ರತಿ ಬಾರಿ ಅದೇ ಸ್ಥಳದಲ್ಲಿ ಬಿದ್ದರೆ ದೋಷ ತಂತ್ರಾಂಶದ್ದು. ಬೇರೆ ಬೇರೆ ಸ್ಥಳಗಳಲ್ಲಿ ಬಿದ್ದರೆ ಸ್ಮೃತಿಯ ಚಿಪ್ಪು, ಶಾಖ ಅಥವಾ ವಿದ್ಯುತ್ ಪೂರೈಕೆಯದು. ಯಾವ ಉಪಕರಣವೂ ಇಲ್ಲದೆ ಯಂತ್ರದೋಷವನ್ನು ತಂತ್ರಾಂಶದ ದೋಷದಿಂದ ಬೇರ್ಪಡಿಸುವ ಈ ಪರೀಕ್ಷೆ ಅನುಭವದಿಂದ ಹುಟ್ಟಿ ಹರಡಿದ ಜ್ಞಾನಕ್ಕೆ ಉತ್ತಮ ಮಾದರಿ.

5. ಪರಂಪರೆ, ಪಾಠಾಂತರ ಮತ್ತು ನಂಬಿಕೆ

‘ಮೇಕ್’ ಸಾಧನವನ್ನು ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದನು. ಅದರ ಕಡತದಲ್ಲಿ ಆದೇಶದ ಸಾಲುಗಳು ಟ್ಯಾಬ್ ಚಿಹ್ನೆಯಿಂದಲೇ ಆರಂಭವಾಗಬೇಕು. ಕಣ್ಣಿಗೆ ಒಂದೇ ರೀತಿ ಕಂಡರೂ ಖಾಲಿ ಜಾಗಗಳನ್ನು ಬಳಸಿದರೆ ‘ವಿಭಜಕ ಕಾಣೆಯಾಗಿದೆ’ ಎಂಬ ದೋಷ ಬರುತ್ತದೆ. ಈ ತೊಡಕು ಫೆಲ್ಡ್‌ಮನ್‌ಗೆ ಬೇಗನೆ ಅರಿವಾಗಿತ್ತು. ಆದರೆ ಆ ವೇಳೆಗೆ ಹನ್ನೆರಡರಷ್ಟು ಬಳಕೆದಾರರು ಇದ್ದುದರಿಂದ, ಅವರಿಗೆ ತೊಂದರೆಯಾಗಬಾರದೆಂದು ಅದನ್ನು ಬದಲಿಸಲಿಲ್ಲ ಎಂದು ಅವನೇ ನಂತರ ತಿಳಿಸಿದ್ದಾನೆ. ಬೆರಳೆಣಿಕೆಯ ಜನರ ಅನುಕೂಲವೊಂದು ಅರ್ಧ ಶತಮಾನದ ಬಳಿಕವೂ ವಿಧಿಯಾಗಿ ಉಳಿದಿರುವುದು, ಆಚರಣೆಗಳು ಕಾರಣ ಮರೆತ ಮೇಲೂ ಬದುಕುವ ಬಗೆಯನ್ನು ತೋರಿಸುತ್ತದೆ.

ನೆನಪಿನ ಸೂತ್ರಗಳೂ ಈ ಗುಂಪಿನಲ್ಲಿವೆ. ಗಣಕವು ಸ್ತಬ್ಧವಾದಾಗ ಆಲ್ಟ್ ಮತ್ತು ಸಿಸ್‌ಆರ್‌ಕ್ಯು ಕೀಲಿಗಳೊಂದಿಗೆ ಆರ್, ಇ, ಐ, ಎಸ್, ಯು, ಬಿ ಎಂಬ ಆರು ಅಕ್ಷರಗಳನ್ನು ನಿಧಾನವಾಗಿ ಒತ್ತಿದರೆ ಕೀಲಿಮಣೆಯ ಹಿಡಿತ ಮರಳುತ್ತದೆ, ಪ್ರಕ್ರಿಯೆಗಳು ಮೊದಲು ಸೌಮ್ಯವಾಗಿ ಬಳಿಕ ಬಲವಂತವಾಗಿ ನಿಲ್ಲುತ್ತವೆ, ಬಾಕಿ ಬರಹ ಡಿಸ್ಕಿಗೆ ಸೇರುತ್ತದೆ, ಡಿಸ್ಕ್ ಓದಲಷ್ಟೇ ಯೋಗ್ಯವಾಗುತ್ತದೆ, ಕೊನೆಗೆ ಗಣಕ ಮರು ಆರಂಭವಾಗುತ್ತದೆ. ‘ಹೆಚ್ಚು ಬಿಡುವಿಲ್ಲದ’ ಎಂಬರ್ಥದ ‘ಬ್ಯುಸಿಯರ್’ ಎಂಬ ಇಂಗ್ಲಿಷ್ ಪದವನ್ನು ತಿರುವು ಮುರುವಾಗಿಸಿದರೆ ಈ ಕ್ರಮ ದೊರೆಯುತ್ತದೆ ಎಂಬುದು ನೆನಪಿನ ಕೀಲಿ. ಕೆಲವು ವಿತರಣೆಗಳು ಭದ್ರತೆಯ ಕಾರಣದಿಂದ ಈ ಸೌಲಭ್ಯವನ್ನು ಭಾಗಶಃ ನಿರ್ಬಂಧಿಸಿವೆ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್‌ನಿಂದ. ಅದೇ ವಿಶ್ವವಿದ್ಯಾಲಯದಲ್ಲಿ ಹಿಂದೆ ಜಾನಪದ ಪ್ರಾಧ್ಯಾಪಕನಾಗಿದ್ದ ಕಾರ್ಲೆ ಕ್ರೋನ್ ಚಾರಿತ್ರಿಕ-ಭೌಗೋಳಿಕ ವಿಧಾನವನ್ನು ಬೆಳೆಸಿದನು. ಪಾಠಾಂತರಗಳನ್ನು ಹೋಲಿಸಿ, ಬದಲಾವಣೆ ಎಲ್ಲಿ ನುಸುಳಿತು ಎಂದು ಹಿಂದಕ್ಕೆ ಸಾಗುವುದು ಅದರ ತಿರುಳು. ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ‘ಗಿಟ್’ ವ್ಯವಸ್ಥೆಯ ‘ಬೈಸೆಕ್ಟ್’ ಆದೇಶವು ಇದೇ ಕೆಲಸವನ್ನು ಮಾಡುತ್ತದೆ. ಸರಿಯಿದ್ದ ಒಂದು ಪಾಠ, ಕೆಟ್ಟ ಒಂದು ಪಾಠ ಇವೆರಡರ ನಡುವಣ ಅರ್ಧವನ್ನು ಪರೀಕ್ಷಿಸಿ, ಉಳಿದುದನ್ನು ಮತ್ತೆ ಅರ್ಧಿಸುತ್ತ ಸಾಗಿದರೆ ಸುಮಾರು 1000 ಬದಲಾವಣೆಗಳಲ್ಲಿ ದೋಷ ತಂದ ಒಂದನ್ನು 10 ಪರೀಕ್ಷೆಗಳಲ್ಲಿ ಹಿಡಿಯಬಹುದು. ಮೌಖಿಕ ಪರಂಪರೆಯಲ್ಲಿ ಮೂಲಪಾಠದ ಶೋಧ ವಿವಾದಾಸ್ಪದವಾದರೆ, ಇಲ್ಲಿ ಪ್ರತಿ ಬದಲಾವಣೆಯೂ ದಾಖಲಾಗಿರುವುದರಿಂದ ಅದು ಸಾಧ್ಯವಾಗಿದೆ.

ಆದರೆ ಪರಿಹಾರಗಳು ಬಾಯಿಂದ ಬಾಯಿಗೆ, ಪುಟದಿಂದ ಪುಟಕ್ಕೆ ಸಾಗುವಾಗ ಸಂದರ್ಭವನ್ನು ಕಳೆದುಕೊಳ್ಳುತ್ತವೆ. ಒಂದು ವಿತರಣೆಯ ಒಂದು ಆವೃತ್ತಿಗೆ ತಕ್ಕ ಆದೇಶವು ಇನ್ನೊಂದಕ್ಕೆ ವಿಷವಾಗಬಹುದು. ಹೊಸಬರಿಗೆ ಪರಿಹಾರವೆಂದು ಹೇಳಿ ಇಡೀ ಡಿಸ್ಕನ್ನು ಅಳಿಸುವ ಆದೇಶವನ್ನು ಕೊಡುವ ಕ್ರೂರ ಕೀಟಲೆಯೂ ಈ ಗುಂಪಿನಲ್ಲಿ ರೂಢಿಯಲ್ಲಿತ್ತು. ಮೂಲ ಕೋಶವನ್ನೇ ಅಳಿಸುವ ಆದೇಶವನ್ನು ನಿರಾಕರಿಸುವುದು 2006ರಿಂದ ಗ್ನೂ ಸಾಧನದ ಸಹಜ ವರ್ತನೆಯಾಗಿದೆ. ಆದರೂ ಅರ್ಥ ತಿಳಿಯದ ಆದೇಶವನ್ನು ನಿರ್ವಾಹಕ ಅಧಿಕಾರದಿಂದ ನಡೆಸಬಾರದು ಎಂಬ ಎಚ್ಚರಿಕೆ ಹಳತಾಗಿಲ್ಲ.

6. ಕನ್ನಡದ ಸಂದರ್ಭ

ಲಿನಕ್ಸಿನ ಪರದೆಗಳು ಕನ್ನಡದಲ್ಲಿ ದೊರೆಯುತ್ತವೆಯಾದರೂ ಆರಂಭದ ಹಂತದಲ್ಲಿ ಕನ್ನಡವಿಲ್ಲ. ಕರ್ನೆಲಿನ ಸಂದೇಶಗಳು ಇಂಗ್ಲಿಷಿನಲ್ಲಿ ಮಾತ್ರ ಇವೆ. ಅವುಗಳನ್ನು ತೋರುವ ಪಠ್ಯ ಪರದೆಯು ಒಮ್ಮೆಗೆ ಗರಿಷ್ಠ 512 ಅಕ್ಷರರೂಪಗಳನ್ನು ಮಾತ್ರ ಹಿಡಿಯಬಲ್ಲದು. ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಗಣಕವು ಕೆಟ್ಟು ನಿಂತ ಹೊತ್ತಿನಲ್ಲಿ ಪರದೆ ಇಂಗ್ಲಿಷಿನಲ್ಲಿಯೂ ವಿವರಣೆ ಕನ್ನಡದಲ್ಲಿಯೂ ಇರುತ್ತದೆ. ತಂತ್ರಜ್ಞನು ಗ್ರಂಥಪಾಲಕರಿಗೆ ಬಾಯಿಮಾತಿನಲ್ಲಿ ಹೇಳುವ ವಿವರಣೆಯೇ ಅನೇಕ ವೇಳೆ ಈ ಜ್ಞಾನದ ಮೊದಲ ಕನ್ನಡ ಪಾಠ. ಅದು ಬರಹಕ್ಕಿಳಿಯದಿದ್ದರೆ ಆ ವ್ಯಕ್ತಿ ವರ್ಗವಾದಾಗ ಅಥವಾ ನಿವೃತ್ತನಾದಾಗ ಅವನೊಂದಿಗೇ ಹೋಗುತ್ತದೆ.

ಈ ಹಿನ್ನೆಲೆಯಲ್ಲಿ, ಲಿನಕ್ಸ್ ಗಣಕವುಳ್ಳ ಪ್ರತಿ ಗ್ರಂಥಾಲಯ ಮತ್ತು ಸಂಗ್ರಹಾಲಯವು ಕೈಬರಹದ ದುರಸ್ತಿ ಪುಸ್ತಕವೊಂದನ್ನು ಇರಿಸಿಕೊಳ್ಳುವುದು ಅಪೇಕ್ಷಣೀಯ. ದಿನಾಂಕ, ವಿತರಣೆಯ ಹೆಸರು ಮತ್ತು ಆವೃತ್ತಿ, ಕೆಡುವ ಮುನ್ನ ಮಾಡಿದ ಬದಲಾವಣೆ, ಪರದೆಯ ಕೊನೆಯ ಸಾಲು, ಮಾಡಿ ನೋಡಿದ ಉಪಾಯಗಳು, ಫಲಿಸಿದ ಉಪಾಯ ಇವಿಷ್ಟೂ ಅದರಲ್ಲಿರಬೇಕು. ಪುಸ್ತಕವು ಗಣಕದ ಒಳಗಿರದೆ ಹೊರಗಿರಬೇಕು, ಏಕೆಂದರೆ ಅದರ ಅಗತ್ಯ ಬೀಳುವುದು ಗಣಕವು ತೆರೆಯದಿದ್ದಾಗ. ಧ್ವನಿಮುದ್ರಣಗಳ ಕನಿಷ್ಠ ಎರಡು ಪ್ರತಿಗಳು ಬೇರೆ ಬೇರೆ ಡಿಸ್ಕುಗಳಲ್ಲಿಯೂ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿಯೂ ಇರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.

ಜಾನಪದ ವಿದ್ವಾಂಸರ ಪಾಲಿಗೂ ಇಲ್ಲಿ ಕೆಲಸವಿದೆ. ಗಣಕ ದುರಸ್ತಿಗಾರರ ಕನ್ನಡ ಪರಿಭಾಷೆ, ನಿದಾನದ ಕ್ರಮ, ಅವರ ಕಥೆ ಮತ್ತು ಕೀಟಲೆಗಳು ವೃತ್ತಿ ಜಾನಪದದ ಭಾಗವಾಗಿ ಸಂಗ್ರಹಗೊಳ್ಳಬೇಕು. ಲಿಲೋದ ನಾಲ್ಕು ಅಕ್ಷರಗಳನ್ನು ಓದಬಲ್ಲವರು ಕರ್ನಾಟಕದ ಕಚೇರಿ, ಕಾಲೇಜುಗಳಲ್ಲಿ ಇನ್ನೂ ಇದ್ದಾರೆ. ಅವರು ಕಲಿತ ಬಗೆಯನ್ನು ಅವರದೇ ಮಾತಿನಲ್ಲಿ ದಾಖಲಿಸಲು ಇದು ಸಕಾಲ.